ಮುದತ್ತು ಮುಗಿದ ಮಾತ್ರೆಗೆ ಬಿಲ್ಲಿಲ್ಲ

ನಾಗಪುರದ ಬಜಾಜ್ ನಗರ ಇನ್ನೂ ಅಂಗಳದ ಮಂಚಗಳ ಮೇಲೆ ಮಲಗಿದೆ. ಮೇ ತಿಂಗಳ ಸೆಕೆ ರಾತ್ರಿ ಕಳೆದರೂ ಗೋಡೆ ಬಿಟ್ಟು ಹೋಗಿಲ್ಲ. ಹಿತ್ತಲ ಕಡೆಯ ಒಂದು ಬಾಡಿಗೆ ಮನೆಯಲ್ಲಿ ಮಾತ್ರ ಹಸಿರು ಅಕ್ಷರಗಳ ಪರದೆ ಬೆಳಗುತ್ತಿದೆ. ಅದರ ಮುಂದೆ ನೀಲಾಂಬಿಕಾ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಬಿಸಿಲೇರಿ ಓಣಿಯ ಕೂಲರುಗಳೆಲ್ಲ ಶುರುವಾದರೆ ವೋಲ್ಟೇಜು ಕುಸಿಯುತ್ತದೆ, ಕಂಪ್ಯೂಟರು ಆರಿಹೋಗುತ್ತದೆ, ಬರೆದದ್ದು ನೀರಿನಲ್ಲಿ ಹೋಮ ಮಾಡಿದಂತೆ. "ಕರೆಂಟು ನನ್ನ ಮಾತು ಕೇಳೂದು ಈ ಹೊತ್ತಿನ್ಯಾಗ ಅಷ್ಟ ನೋಡ್ರಿ," ಎನ್ನುತ್ತಾರೆ ಪರದೆಯಿಂದ ಕಣ್ಣು ತೆಗೆಯದೆ.

ನೀಲಾಂಬಿಕಾ ಕಂಪ್ಯೂಟರಿನ ಪ್ರೋಗ್ರಾಂ ಬರೆದು ತಾವೇ ಮಾರುತ್ತಾರೆ. ಕಂಪನಿಯಿಲ್ಲ, ಪಾಲುದಾರರಿಲ್ಲ, ನೌಕರರಿಲ್ಲ. ಗೇಟಿಗೆ 'ನೀಲಾ ಸಾಫ್ಟ್‌ವೇರ್' ಎಂಬ ತಗಡಿನ ಬೋರ್ಡು ಹಾಕಿದ ಹೊಸತರಲ್ಲಿ ಎದುರುಮನೆಯ ಹೆಂಗಸೊಬ್ಬರು ಬಂದು ಕೂಸಿಗೆ ಮೆತ್ತನೆಯ ಅಂಗಿ ಇದೆಯೇ ಎಂದು ಕೇಳಿದ್ದರಂತೆ.

ಊರು ಬಾಗಲಕೋಟೆ ಕಡೆಯ ಗುಳೇದಗುಡ್ಡ. ಗಣಿತದಲ್ಲಿ ಬಿ.ಎಸ್ಸಿ. ಗಂಡ ಉಮಾಕಾಂತ ಇಲ್ಲಿನ ಮದ್ದುಗುಂಡಿನ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲಿದ್ದಾರೆ. ಮದುವೆಯಾಗಿ ಬಂದಾಗ ನೀಲಾಂಬಿಕಾರಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ಧರಮಪೇಟೆಯ ಕಂಪ್ಯೂಟರ್ ಕ್ಲಾಸೊಂದಕ್ಕೆ ಕಲಿಯಲು ಹೋದವರು ಅಲ್ಲೇ ಕಲಿಸಲು ನಿಂತರು. ಕ್ಲಾಸು ಮುಚ್ಚಿದ ದಿನ ಸಂಬಳದ ಬದಲಿಗೆ ಸಿಕ್ಕಿದ್ದು ಒಂದು ಹಳೆಯ ಕಂಪ್ಯೂಟರು. ಅದನ್ನು ಸೈಕಲ್ ರಿಕ್ಷಾದಲ್ಲಿ, ಮಡಿಲ ಮೇಲೆ ಹಿಡಿದುಕೊಂಡು ಮನೆಗೆ ತಂದರು.

ಮೊದಲ ಗಿರಾಕಿ ಕಾಶೀನಾಥ. ಬೀದರದಿಂದ ಬಂದು ಗಾಂಧಿಬಾಗಿನಲ್ಲಿ ಔಷಧದ ಸಗಟು ವ್ಯಾಪಾರದಲ್ಲಿ ಹೆಸರು ಮಾಡಿದವರು. ಕಂಪ್ಯೂಟರು ಕೊಂಡು, ಅದರಿಂದ ಏನು ಮಾಡಿಸಬೇಕೆಂದು ತಿಳಿಯದೆ ಮೇಲೊಂದು ಬಟ್ಟೆ ಹೊದಿಸಿ ಇಟ್ಟಿದ್ದರು. ನಮ್ಮ ಕಡೆಯ ಹೆಣ್ಣುಮಗಳು ಎಂದು ನೀಲಾಂಬಿಕಾರನ್ನು ಕರೆಸಿ, ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಟ್ಟರು. ಆಕೆ ಅಲ್ಲೇ ತಿಂಗಳುಗಟ್ಟಲೆ ಕುಳಿತು, ಯಾವ ಔಷಧ ಎಲ್ಲಿಂದ ಬಂತು, ಎಷ್ಟು ಉಳಿಯಿತು, ಯಾವಾಗ ಅದರ ಅವಧಿ ಮುಗಿಯುತ್ತದೆ ಎಂದು ಹೇಳುವ ಪ್ರೋಗ್ರಾಂ ಬರೆದರು. ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯವರಿಗೆ ತಿಳಿಯಲಿ ಎಂದು 'ಮುದತ್' ಎಂದು ಹೆಸರಿಟ್ಟರು. ಕಾಶೀನಾಥ ಹತ್ತು ಅಂಗಡಿಗಳಿಗೆ ಅವರನ್ನು ಕರೆದೊಯ್ದು, "ನಮ್ಮ ತಂಗಿ" ಎಂದು ಪರಿಚಯಿಸಿದರು. ಎರಡು ವರ್ಷದಲ್ಲಿ ಗಾಂಧಿಬಾಗಿನ ಅರ್ಧ ಬಜಾರು 'ಮುದತ್' ಹಾಕಿಸಿಕೊಂಡಿತು.

ಜಗಳ ಹುಟ್ಟಿದ್ದು ಒಂದು ಸದ್ದಿನಿಂದ. ಅವಧಿ ಮೀರಿದ ಔಷಧಕ್ಕೆ ಬಿಲ್ಲು ಮಾಡಹೊರಟರೆ 'ಮುದತ್' ಒಮ್ಮೆ ಕುಂಯ್ ಎಂದು ನಿಂತುಬಿಡುತ್ತದೆ. ಬಿಲ್ಲು ಬರುವುದಿಲ್ಲ. ಕಳೆದ ವರ್ಷ ಬೇಸಿಗೆಯಲ್ಲಿ ಕಾಶೀನಾಥ ಮನೆಗೇ ಬಂದರು. ಅವರ ಗೋದಾಮಿನಲ್ಲಿ ಅವಧಿ ಮುಗಿದ ಸಿರಪ್ಪಿನ ಪೆಟ್ಟಿಗೆಗಳು ಉಳಿದಿದ್ದವು. ಕಂಪನಿ ವಾಪಸು ತೆಗೆದುಕೊಳ್ಳುವುದಿಲ್ಲ ಎಂದಿತ್ತು.

"ತಂಗಿ, ಒಂದ ಬಟನ್ ಇಟ್ಟಕೊಡು. ಅದನ್ನ ಒತ್ತಿದ್ರ ಬಿಲ್ ಬರಬೇಕು. ಬಾಕಿ ಎಲ್ಲಾ ಬರೋಬರ್ ಐತಿ."

"ಕಾಕಾ, ಅದೊಂದ ಆಗೂದಿಲ್ಲರಿ."

"ಔಷಧ ಏನು ರಾತೋರಾತ್ ಇಷಾ ಆಗತದೇನು?"

"ಆಗೂದಿಲ್ಲ. ಆದ್ರ ಅದರ ಬಿಲ್ಲು ನನ್ನ ಪ್ರೋಗ್ರಾಂ ಬರಿಯೂದಿಲ್ಲ."

ಕಾಶೀನಾಥ ಉಮಾಕಾಂತರ ಕಡೆ ತಿರುಗಿ, ಹೆಂಡತಿಗೆ ತಿಳಿಹೇಳು ಎಂದರು. ಊಟದ ಡಬ್ಬಿ ಹಿಡಿದು ಪಾಳಿಗೆ ಹೊರಟಿದ್ದ ಉಮಾಕಾಂತ ಬಾಗಿಲಲ್ಲೇ ನಿಂತು ಹೇಳಿದರು: "ನಾ ಕಬ್ಬಿಣ ಕೊರಿಯಾಂವರಿ. ಇದು ಅಕಿ ಅಂಗಡಿ. ಅಕಿನ್ನ ಕೇಳ್ರಿ."

ಆ ಮಾತು ಆಡುವಾಗ ಉಮಾಕಾಂತರಿಗೂ ಅಳುಕಿತ್ತು ಎಂದು ನೀಲಾಂಬಿಕಾ ಈಗ ಹೇಳುತ್ತಾರೆ. ಅನ್ನ ಹಾಕಿದ ಮನುಷ್ಯನನ್ನು ಎದುರು ಹಾಕಿಕೊಂಡಿದ್ದರು.

ಮುಂದೆ ಏನಾಯಿತೆಂಬುದು ಕನ್ಹಾನಿನಿಂದ ಗೊತ್ತಾಯಿತು. ನದಿಯಾಚೆಯ ಆ ಊರಿನಲ್ಲಿ ಪಾಂಡುರಂಗ ಎಂಬವರ ಸಣ್ಣ ಔಷಧದಂಗಡಿಯಿದೆ. ಗಣಿ ಕಾರ್ಮಿಕರೇ ಗಿರಾಕಿಗಳು. ಅವರು ಒಂದು ದಿನ ಬಸ್ಸು ಹತ್ತಿ ಬಂದು ಅಡಿಯಲ್ಲಿ 'ನೀಲಾ ಸಾಫ್ಟ್‌ವೇರ್' ಎಂದು ಅಚ್ಚಾಗಿದ್ದ, ಕಾಶೀನಾಥರ ಅಂಗಡಿಯ ಬಿಲ್ಲೊಂದನ್ನು ನೀಲಾಂಬಿಕಾರ ಮೇಜಿನ ಮೇಲಿಟ್ಟರು. ಸರಕು ಮೊನ್ನೆ ಬಂದದ್ದು, ಬಿಲ್ಲಿನ ತಾರೀಖು ಹಿಂದಿನ ವರ್ಷದ್ದು. ಕಂಪ್ಯೂಟರಿನ ತಾರೀಖನ್ನೇ ಒಂದು ವರ್ಷ ಹಿಂದಕ್ಕೆ ತಿರುಗಿಸಿ, ಅವಧಿ ಮುಗಿದ ಸಿರಪ್ಪನ್ನು ಹಳ್ಳಿಗಳ ಕಡೆಗೆ ಸಾಗಹಾಕಲಾಗಿತ್ತು. "ತಾಯಿ, ನಿನ್ನ ಯಂತ್ರಕ್ಕೂ ಸುಳ್ಳು ಬರುತ್ತದೆಯೇ?" ಎಂದು ಪಾಂಡುರಂಗ ಮರಾಠಿಯಲ್ಲಿ ಕೇಳಿದರು.

"ಆ ಮಾತು ಕೆನ್ನಿಗೆ ಹೊಡದಂಗಾತು," ಎನ್ನುತ್ತಾರೆ ನೀಲಾಂಬಿಕಾ. ಅದೇ ವಾರ ಪ್ರೋಗ್ರಾಮನ್ನು ತಿದ್ದಿದರು: ಕಂಪ್ಯೂಟರಿನ ತಾರೀಖು ಕೊನೆಯ ಬಿಲ್ಲಿನ ತಾರೀಖಿಗಿಂತ ಹಿಂದೆ ಹೋದರೆ 'ಮುದತ್' ತೆರೆಯುವುದೇ ಇಲ್ಲ; ಬಿಲ್ಲಿನಲ್ಲಿ ಪ್ರತಿ ಔಷಧದ ಅವಧಿಯೂ ಅಚ್ಚಾಗುತ್ತದೆ. ಹೊಸ ಫ್ಲಾಪಿಗಳನ್ನು ಬಿಸಿಲಿಗೆ ಬಾಗದಂತೆ ಸ್ಟೀಲ್ ಡಬ್ಬಿಯಲ್ಲಿಟ್ಟು, ಲೂನಾ ಮೊಪೆಡ್ಡಿನ ಮೇಲೆ ಗಾಂಧಿಬಾಗಿನ ಅಂಗಡಿ ಅಂಗಡಿಗೂ ಹೋದರು. ಏನು ಬದಲಾಗಿದೆ, ಯಾಕೆ ಬದಲಾಗಿದೆ ಎಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಗಿರಾಕಿಗಳಿಗೂ ಕೇಳುವಂತೆ ಹೇಳಿದರು. ಕಾಶೀನಾಥರ ಅಂಗಡಿಯನ್ನೂ ಬಿಡಲಿಲ್ಲ.

ಬಜಾರು ಮುಖ ತಿರುಗಿಸಿತು. ತಿಂಗಳೊಪ್ಪತ್ತಿನಲ್ಲಿ ಗಿರಾಕಿಗಳು ಬೆರಳೆಣಿಕೆಗೆ ಇಳಿದರು. ಸೀತಾಬರ್ಡಿಯ ಕಂಪ್ಯೂಟರ್ ಮಾರಾಟಗಾರರೊಬ್ಬರು ಹಳೆಯ 'ಮುದತ್'ನ ನಕಲು ಮಾಡಿ ಪುಕ್ಕಟೆ ಹಂಚಿದರು. ನೀಲಾಂಬಿಕಾ ಬರೆದ ಮೂಲ ಪ್ರೋಗ್ರಾಂ ಕೈಯಲ್ಲಿಲ್ಲದ ಕಾರಣ ಆ ಕುಂಯ್ ಸದ್ದನ್ನು ಮಾತ್ರ ಕೀಳಲು ಆಗಲಿಲ್ಲ. ಆ ಚಳಿಗಾಲ ನೀಲಾಂಬಿಕಾ ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಿ ಮನೆ ತೂಗಿಸಿದರು. ಬೋರ್ಡು ಇಳಿಸಲಿಲ್ಲ. ಕಾರ್ಖಾನೆಯ ಸಹೋದ್ಯೋಗಿಗಳು ಉಮಾಕಾಂತರನ್ನು, ನಿಮ್ಮ ಮನೆಯಲ್ಲಿ ಯಾರಾದರೂ ಕೆಟ್ಟ ಔಷಧ ಕುಡಿದು ತೀರಿಹೋದರೇನು, ಇಷ್ಟೇಕೆ ಹಟ ಎಂದು ಕೇಳುತ್ತಿದ್ದರಂತೆ. ಆ ಪ್ರಶ್ನೆ ನೆನೆದು ನೀಲಾಂಬಿಕಾ ಇಂದಿಗೂ ತಿರುಗಿ ಕೇಳುತ್ತಾರೆ: "ಸರಿ ಯಾವುದು ಅನ್ನಾಕ ಮನ್ಯಾಗ ಒಂದು ಹೆಣಾ ಬೀಳಬೇಕೇನ್ರಿ?"

ಈ ಕಡೆ ಪಾಂಡುರಂಗ ಸುಮ್ಮನೆ ಕೂರಲಿಲ್ಲ. ಕನ್ಹಾನ್, ಕಾಮಠಿ, ಸಾವನೇರದ ಸಣ್ಣ ಅಂಗಡಿಯವರನ್ನು ತಮ್ಮ ಅಂಗಡಿಯ ಮುಂದೆ ಸೇರಿಸಿದರು. ಬಿಲ್ಲಿನಲ್ಲಿ ಪ್ರತಿ ಔಷಧದ ಮುಂದೆ ಅವಧಿಯ ತಾರೀಖು ಇಲ್ಲದಿದ್ದರೆ ಸರಕು ಇಳಿಸಿಕೊಳ್ಳುವುದಿಲ್ಲ ಎಂದು ಮಾತಾಯಿತು. ಹಾಗೆ ಬಿಲ್ಲು ಬರೆಯುತ್ತಿದ್ದದ್ದು ತಿದ್ದಿದ ಹೊಸ 'ಮುದತ್' ಒಂದೇ. ಹೋಳಿಯ ಹೊತ್ತಿಗೆ ಗಾಂಧಿಬಾಗಿನ ಇಬ್ಬರು ಸಗಟು ವ್ಯಾಪಾರಿಗಳು ಬಜಾಜ್ ನಗರದ ಗೇಟು ಹುಡುಕಿಕೊಂಡು ಬಂದರು. ಮತ್ತೆ ನಾಲ್ವರು. ಅರ್ಧ ಬಜಾರು ಇನ್ನೂ ದೂರವೇ ಇದೆ. ಕಾಶೀನಾಥ ಈಗ ಕೈಯಲ್ಲೇ ಬಿಲ್ಲು ಬರೆಸುತ್ತಾರೆ. ಕೇಳಿದರೆ, "ಅಕಿ ಹುಷಾರ್ ಇದ್ದಾಳ, ಧಂದೆ ತಿಳೀಲಿಲ್ಲ," ಎಂದಷ್ಟೇ ಹೇಳಿ ಚಹಾ ತರಿಸುತ್ತಾರೆ.

ಬಿಸಿಲು ಕಿಟಕಿಗೆ ಬಂದಿದೆ. ಓಣಿಯ ಮೊದಲ ಕೂಲರು ಗುರುಗುಟ್ಟಿದ್ದೇ ನೀಲಾಂಬಿಕಾ ಕಂಪ್ಯೂಟರು ಆರಿಸಿ, ಲೂನಾದ ಕೀಲಿ ಎತ್ತಿಕೊಳ್ಳುತ್ತಾರೆ. ಇವತ್ತು ಸಾವನೇರಕ್ಕೆ ಹೋಗಬೇಕು. ಅಲ್ಲೊಬ್ಬರು ಹೊಸದಾಗಿ ಕಂಪ್ಯೂಟರು ಕೊಂಡಿದ್ದಾರೆ. ನಾಳೆ ಕಾಶೀನಾಥರೇ ಬಂದು 'ಮುದತ್' ಬೇಕೆಂದರೆ ಕೊಡುವಿರಾ ಎಂದು ಕೇಳಿದಾಗ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

"ಕೊಡ್ತೀನ್ರಿ. ನಾನ ಹೋಗಿ ಹಾಕಿಕೊಟ್ಟು, ಚಾ ಕುಡದು ಬರ್ತೀನಿ. ಆದ್ರ ಕನ್ಹಾನದಾಗ ಯಾವ ಬಿಲ್ಲು ನಡೀತೈತೋ, ಅದನ್ನ ಬರಿಯೂ 'ಮುದತ್' ಕೊಡ್ತೀನಿ. ದೊಡ್ಡವರಿಗೆ ಅಂತ ಬ್ಯಾರೆ ಒಂದು ನಾ ಬರದಿಲ್ಲ."