ಎಣ್ಣೆಯ ಬಟ್ಟಲು

ಕೌತಾಳಂನಲ್ಲಿ ಆದೋನಿ ಬಸ್ಸಿಗೆ ಕಾಯುತ್ತಿದ್ದೆ. ಚಹಾದಂಗಡಿಯ ಹಿಂದೆ, ಬೇವಿನ ಮರದಡಿ ಒಂದು ವೀರಗಲ್ಲಿದೆ. ಎಣ್ಣೆ ಕುಡಿದು ಕುಡಿದು ಎಷ್ಟು ಕಪ್ಪಾಗಿದೆಯೆಂದರೆ, ವೀರನ ಮೂಗು ಯಾವುದು, ಮೀಸೆ ಯಾವುದು ತಿಳಿಯುವುದಿಲ್ಲ. ಫೋನು ತೆಗೆದು ಒಂದು ಚಿತ್ರ ಹಿಡಿದೆ.

ಅಂಗಡಿಯಾಕೆ ಕೈಯಲ್ಲಿ ಸೌಟು ಹಿಡಿದೇ ಬಂದಳು. "ಫೋಟೋ ಯಾಕ್ರಿ ಸಾರೂ? ಮ್ಯೂಜಿಯಂನೋರೇನು?"

"ಅಲ್ಲಮ್ಮ" ಅಂದೆ. ಸುಳ್ಳು. ಮ್ಯೂಸಿಯಂನಲ್ಲಿ "ಮುಟ್ಟಬೇಡಿ" ಎಂಬ ಫಲಕ ಬರೆಸುವುದರಲ್ಲೇ ನನ್ನ ನೌಕರಿ ಸವೆದಿದೆ.

ಅವಳು ನಂಬಲಿಲ್ಲ. "ಇದರ ಜೋಡಿ ಇನ್ನೊಂದು ಕಲ್ಲಿತ್ರಿ. ಹಿಂಗ ಒಬ್ಬಾತ ಫೋಟೋ ಹೊಡಕೊಂಡು ಹೋದ, ಆಮ್ಯಾಲೆ ಲಾರಿ ಬಂತು, ಕಲ್ಲು ಮ್ಯೂಜಿಯಂಗ ಹೋತು. ನಮ್ಮತ್ತಿ ಎಣ್ಣಿ ತಗೊಂಡು ಅಲ್ಲೀತನ ಹೋಗಿದ್ಲು. ಟಿಕೆಟ್ ಕೊಟ್ಟು ಒಳಗ ಬಿಟ್ರು, ಮುಟ್ಟಾಕ ಬಿಡಲಿಲ್ಲ. ಮುಟ್ಟಲಿಲ್ಲಂದ್ರ ನಾವು ಬಂದೀವಂತ ಆತಗ ಹೆಂಗ ಗೊತ್ತಾಗಬೇಕ್ರಿ?"

"ಅಲ್ಲಿ ಮಳೆ ಗಾಳಿ ತಾಗದೆ ಭದ್ರವಾಗಿರುತ್ತದಲ್ಲ. ನಾಲ್ಕು ಜನ ನೋಡುತ್ತಾರೆ."

"ಹಂಗ ಅಂತಾನೇ ಒಯ್ದಾರ."

ಒಳಗೆ ಹೋದವಳು ಒಂದು ಬಟ್ಟಲಲ್ಲಿ ಎಣ್ಣೆ ತಂದು ನನ್ನ ಕೈಗಿಟ್ಟಳು. "ನೀವು ಮ್ಯೂಜಿಯಂನೋರು ಅಲ್ಲಂದ್ರ ಒಂದೀಟು ಹಚ್ಚರಿ, ನೋಡೂಣು."

ಎರಡು ಬೆರಳು ಅದ್ದಿದೆ. ಕಲ್ಲು ಇನ್ನೂ ಗೇಣು ದೂರವಿರುವಾಗಲೇ ಕೈ ತಾನಾಗಿ ನಿಂತುಬಿಟ್ಟಿತು. ತೊಟ್ಟು ಎಣ್ಣೆ ನನ್ನ ಚಪ್ಪಲಿಯ ಮೇಲೆ ಬಿತ್ತು. ಅವಳ ಕಣ್ಣು ಅಷ್ಟು ಹೊತ್ತೂ ನನ್ನ ಕೈಯ ಮೇಲೇ ಇತ್ತು.

"ಫೋನ್ ಇತ್ತ ಕೊಡ್ರಿ" ಅಂದಳು.