ಕಪ್ಪು ಕೈಗವಸಿನ ನೆರೆಯವನು

ಪರದೇಶದಲ್ಲಿ, ಟೂಂಗಾಬಿ ಎಂಬ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೆಲಸ ಸಿಗದೆ ಕೂತಿದ್ದ ಆ ವರ್ಷ, ವಿಡಿಯೊ ಅಂಗಡಿಯಿಂದ ಹಳೆಯ ಇಟಾಲಿಯನ್ ಕೊಲೆ ಸಿನಿಮಾಗಳ ಡಿವಿಡಿ ತಂದು ನೋಡುತ್ತಿದ್ದೆ. ಜಾಲೊ ಎಂದು ಆ ಬಗೆಯ ಸಿನಿಮಾಗಳ ಹೆಸರು. ತುಟಿಗೂ ಮಾತಿಗೂ ತಾಳೆಯಿಲ್ಲ, ಕಥೆಗೆ ತಲೆಬುಡವಿಲ್ಲ. ಆದರೂ ಓಕುಳಿಯಂಥ ಆ ರಕ್ತ, ಸಾಯುವವಳು ತೊಟ್ಟಿರುತ್ತಿದ್ದ ಚೆಂದದ ಕೋಟು ನನ್ನನ್ನು ಏಳಗೊಡುತ್ತಿರಲಿಲ್ಲ. ಕೊಲೆಗಾರನ ಮುಖ ಕೊನೆಯವರೆಗೂ ಕಾಣುವುದಿಲ್ಲ, ಕಾಣುವುದು ಕಪ್ಪು ಚರ್ಮದ ಕೈಗವಸು ಮಾತ್ರ. ಕ್ಯಾಮೆರಾ ಅವನ ಕಣ್ಣಾಗಿ ಕಿಟಕಿಯ ಪರದೆಯ ಹಿಂದೆ ನಿಂತಿರುತ್ತದೆ.

ಪಕ್ಕದ ಮನೆಯ ಮುದುಕ ಅಂಥದೇ ಕೈಗವಸು ಹಾಕಿಕೊಂಡು ಗುಲಾಬಿ ಗಿಡ ಕತ್ತರಿಸುತ್ತಿದ್ದ. ಅವನ ಹೆಂಡತಿಯನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ಆದರೆ ಹಿತ್ತಲಿನ ಹಗ್ಗದ ಮೇಲೆ ಹೆಂಗಸಿನ ಗೌನು ಒಣಗುತ್ತಿತ್ತು. ಅನುಮಾನ ಪಡಲು ನನಗೆ ಅಷ್ಟು ಸಾಕಾಯಿತು. ದಿನವೂ ಕಿಟಕಿಯ ಬ್ಲೈಂಡ್‌ನ ಎರಡು ಪಟ್ಟಿ ಸರಿಸಿ ಅವನ ಮೇಲೆ ಕಣ್ಣಿಟ್ಟೆ.

ಒಂದು ಸಂಜೆ ನನ್ನ ಗಂಡ ಬೂಟು ಬಿಚ್ಚುತ್ತಾ ಹೇಳಿದರು: "ಪಕ್ಕದ ಅಂಕಲ್ ಗೇಟ್ ಹತ್ರ ನಿಲ್ಸಿದ್ರು. 'ನಿಮ್ಮನೇಲಿ ಯಾರೋ ದಿನಾ ಬ್ಲೈಂಡ್ ಹಿಂದೆ ನಿಂತು ನೋಡ್ತಾರೆ, ನನ್ನ ಹೆಂಡ್ತಿ ಹುಷಾರಿಲ್ದೆ ಮಲಗಿದಾಳೆ, ಹೆದರ್ಕೊಂಡಿದಾಳೆ' ಅಂದ್ರು."

"ಸುಳ್ಳು ಹೇಳ್ತಿದಾನೆ," ಎಂದೆ. ಗಂಡ ನನ್ನ ಮುಖವನ್ನೇ ನೋಡುತ್ತಾ ಕೂತರು.

ಆ ವಾರದಲ್ಲೇ ಪಕ್ಕದ ಮನೆಯ ಕಿಟಕಿಗೂ ಹೊಸ ಬ್ಲೈಂಡ್ ಬಂತು. ನಾನು ಎಂದಿನಂತೆ ನಿಂತು ನೋಡುತ್ತಿದ್ದಾಗ ಅದರ ಎರಡು ಪಟ್ಟಿಗಳು ಮೆಲ್ಲಗೆ ಸರಿದವು. ಸರಿಸಿದ ಕೈಗೆ ಗವಸಿರಲಿಲ್ಲ. ಉಂಗುರ ತೊಟ್ಟ, ಬಿಳಿಚಿಕೊಂಡ ಹೆಂಗಸಿನ ಕೈ ಅದು.