ತೆಂಗಿನಕಾಯಿಯ ಒಳಗೆ ನೀ…

ಸಿಯಾಟಲ್‌ನಲ್ಲಿ ಓದುತ್ತಿದ್ದಾಗ ನನ್ನ ಸಂಶೋಧನೆಯ ವಿಷಯ ಕೇಳಿದವರೆಲ್ಲ ಒಂದೇ ಥರ ಮುಖ ಮಾಡುತ್ತಿದ್ದರು. ಟೀಚರ್ ಕೇಳುವ ಪ್ರಶ್ನೆಗಳಿಂದ ಪುಟ್ಟ ಮಕ್ಕಳು ಯೋಚಿಸಲು ಹೇಗೆ ಕಲಿಯುತ್ತಾರೆ ಎನ್ನುವುದು ವಿಷಯ. ಅಲ್ಲೇ ಫ್ರೀಮಾಂಟ್ ಬಡಾವಣೆಯ ಕಂಪನಿಯೊಂದರಲ್ಲಿ ಕೋಡ್ ಬರೆಯುತ್ತಿದ್ದ ನನ್ನ ರೂಮ್‌ಮೇಟ್, "ಅಂದ್ರೆ ಮಕ್ಕಳನ್ನ ನೋಡ್ಕೊಂಡು ಕೂತಿರೋದಕ್ಕೆ ಪಿಎಚ್‌.ಡಿ. ಕೊಡ್ತಾರಾ ಮಗಾ?" ಎಂದು ಕೇಳಿದ್ದ. ಹಾಗೆ ಕೇಳುವಾಗ ಅವನ ಒಂದೇ ಹುಬ್ಬು ಮೇಲೇರಿದ್ದನ್ನು ಈಗಲೂ ಚೆನ್ನಾಗಿ ಮಾಡಿ ತೋರಿಸುತ್ತೇನೆ.

ಹತ್ತಿರದ ಕೆನ್ಮೋರ್‌ನ ಒಂದು ಇಂಗ್ಲಿಷ್ ಶಿಶುವಿಹಾರದಲ್ಲಿ ಪಾಠದ ಮಾತುಕತೆಯ ರೆಕಾರ್ಡಿಂಗ್ ಮುಗಿದಿತ್ತು. ಹೋಲಿಕೆಗೆ ಇನ್ನೊಂದು ತರಗತಿ ಬೇಕಿತ್ತು. ಮಿಲ್ ಕ್ರೀಕ್‌ನಲ್ಲಿ ಶನಿವಾರ ನಡೆಯುವ ಕನ್ನಡ ಕ್ಲಾಸನ್ನು ಆರಿಸಿಕೊಂಡೆ. ಪಾಠ ಮಾಡುತ್ತಿದ್ದವರು ಮೈಸೂರಿನ ಒಬ್ಬ ಮೇಡಂ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಅ ಆ ಇ ಈ. ಮೊದಲ ರೆಕಾರ್ಡಿಂಗ್‌ಗಳ ಅನುವಾದ ಓದಿದ ನನ್ನ ಗೈಡ್, ಇದರಲ್ಲಿ ಮಕ್ಕಳು ಯೋಚಿಸುವಂಥ ಪ್ರಶ್ನೆ ಒಂದೂ ಇಲ್ಲ, ಇನ್ನೊಂದು ಶನಿವಾರ ನೋಡು, ಸಿಗದಿದ್ದರೆ ಈ ಕ್ಲಾಸು ಕೈಬಿಡು ಎಂದರು. ಕೈಬಿಟ್ಟರೆ ಹೋಲಿಕೆಯೇ ಇಲ್ಲ; ವರ್ಷದ ಕೆಲಸ ಮಣ್ಣುಪಾಲು.

ಪ್ರಶ್ನೆಗಳೇ ಇರಲಿಲ್ಲ ಎಂದಲ್ಲ. ಆದರೆ ಎಲ್ಲ ನಮ್ಮ ಶಾಲೆಗಳ ಪದ್ಧತಿಯವು. ಟೀಚರ್ ಅರ್ಧ ಪದ ಹೇಳಿ ರಾಗ ಎಳೆಯುತ್ತಾರೆ, ಉಳಿದರ್ಧವನ್ನು ಮಕ್ಕಳು ಒಟ್ಟಿಗೆ ಕೂಗುತ್ತಾರೆ.

ಆ ಶನಿವಾರ ಮೇಡಂ ಒಂದು ತೆಂಗಿನಕಾಯಿ ತಂದಿದ್ದರು. ಅಲ್ಲಾಡಿಸಿ, "ಒಳಗೇನಿದೆ? ನೀ…" ಎಂದರು.

"ರು," ಎಂದಿತು ಇಡೀ ಕ್ಲಾಸು.

ಬಿಡುವಿನಲ್ಲಿ ಅವರು ಕಾಫಿ ತರಲು ಹೋದಾಗ ನಾನು ಅದೇ ಕಾಯಿ ಹಿಡಿದು, ಅವರಂತೆಯೇ ಕತ್ತು ವಾಲಿಸಿ, "ಒಳಗೇನಿದೆ? ಆ…" ಎಂದೆ.

"ನೆ," ಎಂದು ಕಿರುಚಿ ಮಕ್ಕಳು ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿದ್ದರು.

"ಚೆನ್ನಾಗಿ ಮಾಡ್ತೀರ. ಕತ್ತು ಇನ್ನೂ ಸ್ವಲ್ಪ ವಾಲ್ಬೇಕು. ಈಗ ನಿಮ್ಮ ಥೀಸಿಸ್ ಥರದ ಪ್ರಶ್ನೆ ನೀವೇ ಒಂದು ಕೇಳಿ, ನೋಡೋಣ."

ಸಂಶೋಧಕ ಪಾಠದಲ್ಲಿ ತಲೆ ಹಾಕಬಾರದು. ಆದರೆ ಹಾಕಿಯಾಗಿತ್ತು. "ಕಾಯಿ ಒಳಗೆ ನೀರು ಹೇಗೆ ಬಂತು?" ಎಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಶೂ ಲೇಸ್ ಎಳೆಯುತ್ತ ಕೂತ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು ಎಂದು ಪುಟಗಟ್ಟಲೆ ಬರೆದವನು ನಾನು. ಸುಮ್ಮನಿರಲಾಗದೆ, "ಬೇರಿನಿಂ…" ಎಂದುಬಿಟ್ಟೆ.

"ದ," ಎಂದಿತು ಕ್ಲಾಸು.

ಮೇಡಂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕಾಯಿ ಇಸಿದುಕೊಂಡು ಮಕ್ಕಳ ಜೊತೆ ನೆಲದ ಮೇಲೆ ಕೂತರು. "ಒಡೀದೇನೇ, ಒಳಗೆ ನೀರಿದೆಯೋ ಇಲ್ವೋ ಹೇಗೆ ಗೊತ್ತಾಗತ್ತೆ?" ಎಂದು ಕೇಳಿ ಕಾದರು. ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

ಕೊನೆಗೆ ಒಬ್ಬಳು ಹುಡುಗಿ, "ಆಂಟಿ, ಇಂಗ್ಲಿಷ್ ಓಕೆನಾ?" ಎಂದಳು.

ಆ ಕ್ಲಾಸಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಹಾಗೆಂದು ಮೇಡಂ ಅವರೇ ಬರೆದು ಗೋಡೆಗೆ ಅಂಟಿಸಿದ್ದರು. ಅವರು ಗೋಡೆಯತ್ತ ಒಮ್ಮೆ ನೋಡಿದರು. "ಹೇಳು ಪುಟ್ಟಿ."

"ಶೇಕ್ ಇಟ್."

ಪಕ್ಕದ ಹುಡುಗ ಒಪ್ಪಲಿಲ್ಲ. "ಬಟ್ ಫುಲ್ ಇದ್ರೆ ನೋ ಸೌಂಡ್."

ಪೂರ್ತಿ ತುಂಬಿದ್ದರೆ ಅಲ್ಲಾಡಿಸಿದರೂ ಸದ್ದು ಬರುವುದಿಲ್ಲ ಎಂಬುದು ಅವನ ವಾದ. ಬರುತ್ತದೆ ಎಂದಳು ಹುಡುಗಿ. ಮೇಡಂ ನನ್ನ ನೀರಿನ ಬಾಟಲಿ ಕಿತ್ತುಕೊಂಡು, ಬಾಯಿವರೆಗೂ ತುಂಬಿಸಿ, ಮುಚ್ಚಳ ಬಿಗಿದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ತಮ್ಮ ಕಿವಿಗೂ ಹಿಡಿದು ನೋಡಿದರು.

"ಹೌದಲ್ವೇನೋ, ನಂಗೂ ಹೊಳೆದಿರ್ಲಿಲ್ಲ. ಹಾಗಾದ್ರೆ ಸದ್ದು ಬರ್ದೇ ಇರೋ ಕಾಯಿಗೆ ಏನು ಮಾಡೋದು?" ಎಂದು ಕೇಳಿ ಮತ್ತೆ ಕಾದರು. ಈ ಸಲ ಕ್ಲಾಸು ಒಂದೇ ದನಿಯಲ್ಲಿ ಕೂಗಲಿಲ್ಲ. ತೂಕ ಮಾಡು, ತೂತು ಕೊರೆ ಎಂದು ಜಗಳಕ್ಕೇ ನಿಂತಿತು.

ಗೈಡ್ ಆ ಶನಿವಾರದ ರೆಕಾರ್ಡಿಂಗ್‌ನ ಅನುವಾದ ಓದಿ ನನ್ನ ದನಿಯಿದ್ದ ಭಾಗವನ್ನೆಲ್ಲ ಹೊಡೆದುಹಾಕಿದರು. ಆನೆಯೂ ಹೋಯಿತು, ಬೇರೂ ಹೋಯಿತು. ಕ್ಲಾಸು ಮಾತ್ರ ಉಳಿಯಿತು: ಟೀಚರ್ ಕಾಯತೊಡಗಿದ ಮೇಲೆ ಮಕ್ಕಳ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನೇ ನೋಡು ಎಂದರು. ಮೇಡಂಗೆ ಫೋನ್ ಮಾಡಿ, ಇನ್ನೂ ಕೆಲವು ಶನಿವಾರ ಬರಬಹುದೇ ಎಂದು ಕೇಳಿದೆ.

"ಬನ್ನಿ, ಬೇಡ ಅನ್ನಲ್ಲ. ಆದ್ರೆ ಹಿಂದೆ ಕೂತ್ಕೊಂಡು ಬಾಯಿ…"

ಅಷ್ಟಕ್ಕೇ ನಿಲ್ಲಿಸಿ ಕಾದರು.

"ಮುಚ್ಕೊಂಡಿರ್ತೀನಿ ಮೇಡಂ," ಎಂದೆ.